ಹೊಸ್ತಿಲ ಒಳಗೆ ಕೂತು ಉಣ್ಣುತ್ತಿದ್ದವರು

ನನ್ನ ಮೊಮ್ಮಗಳು ಮಾತಾಡಿದಳು! ಇವತ್ತು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಇಳಿದ ಹೊತ್ತಿಗೆ, ನಾಲ್ಕು ವರ್ಷ ತುಂಬಿದ ಮೇಲೆ, ನನ್ನ ಕಣ್ಣೆದುರೇ ಬಾಯಿ ಬಿಟ್ಟು ಮಾತಾಡಿದಳು. ಅದೂ ತೊದಲಲಿಲ್ಲ. ಬೀದಿಗೆಲ್ಲಾ ಕೇಳುವಂತೆ ಕೂಗಿದಳು.

ಹಾಸನದ ಆಸ್ಪತ್ರೆಗೆ ಎರಡು ಸಲ ತೋರಿಸಿದ್ದೆವು. ಕಿವಿ ನೆಟ್ಟಗಿದೆ, ನಾಲಿಗೆ ನೆಟ್ಟಗಿದೆ, ಕಾಯಿರಿ ಎಂದಿದ್ದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಹಚ್ಚಿ ನನ್ನ ಬೆರಳೇ ಸವೆದಿತ್ತು. ಊರಿನವರು ನಮ್ಮೆದುರಿಗೆ ಏನೂ ಅನ್ನುತ್ತಿರಲಿಲ್ಲ, ಹಿಂದೆ ಮೂಗಿ ಎನ್ನುತ್ತಿದ್ದರು. ಈಗ ಅನ್ನಲಿ ನೋಡೋಣ.

ಆದದ್ದು ಇಷ್ಟೇ. ಅಂಗಳದಲ್ಲಿ ರಾಗಿ ಹರವಿದ್ದೆ. ಯಾರದೋ ಎಮ್ಮೆಯ ಕರು ಬೇಲಿ ಸಂದಿಯಲ್ಲಿ ನುಗ್ಗಿ ಬಂದು ಬಾಯಿ ಹಾಕಿತು. ಮಗು ಹೊಸ್ತಿಲ ಒಳಗೆ ನಿಂತಿತ್ತು. ಎರಡೂ ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದುಕೊಂಡು ಕೂಗಿತು.

"ಓಯ್! ನಾನಿವ್ನಿ ಕಣ್ಲಾ! ಓಗು!"

ನನ್ನ ಕೈಯಲ್ಲಿದ್ದ ಮೊರ ಜಾರಿತು. ಸೊಸೆ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿಬಂದಳು. "ಯಾರತ್ತೆ ಕೂಗಿದ್ದು? ದ್ವಡ್ಡಮಾವ..." ಎಂದವಳು ಅರ್ಧಕ್ಕೇ ನಿಂತಳು. ಅವಳ ದೊಡ್ಡಮಾವ, ಎಂದರೆ ನಮ್ಮ ಯಜಮಾನರ ಅಣ್ಣ, ತೀರಿಕೊಂಡು ಆಗಲೇ ಎರಡು ತಿಂಗಳು. ಆದರೆ ಕೂಗು ಅವರದೇ; ಸೊಸೆ ಅದನ್ನು ಊರಿನವರ ಅಣಕದಲ್ಲಿ ಕೇಳಿ ಬಲ್ಲಳು. ಅಕ್ಷರಕ್ಕೆ ಅಕ್ಷರ ಅವರದೇ.

ಬೆಳಗಿನಿಂದ ಏಳು ಮನೆಗೆ ಹೋಗಿ ಹೇಳಿ ಬಂದೆ. ಎಂಟನೆಯ ಮನೆಯವಳು ತಾನೇ ಬಂದು ಕೇಳಿಕೊಂಡು ಹೋದಳು. ನಮ್ಮ ಯಜಮಾನರು ಪಟಾಕಿ ಸರ ತರಿಸುತ್ತೇನೆ ಎಂದು ಕುಣಿದರು. ಬೇಡ ಎಂದೆ. ಈ ಮನೆಯಲ್ಲಿ ಅಂಥ ಸದ್ದು ಒಂದು ಸಲ ಆಗಿದೆ. ಸಾಕು.

ಅವರ ಹೆಸರನ್ನು ನಾನು ಹೇಳುವುದಿಲ್ಲ. ಗಂಡನ ಅಣ್ಣನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಬರೆದರೂ ಅದೇ ಆಯಿತಲ್ಲ. ಭಾವ ಎಂದರೆ ಸಾಕು.

ಭಾವ ಎತ್ತರದ ಆಳು. ನಮ್ಮ ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕಿತ್ತು. ತಗ್ಗಿಸುವುದಕ್ಕೆ ಮುಂಚೆ ಹೊರಗೇ ನಿಂತು ಒಂದು ಸಲ ಕೆಮ್ಮುವರು. ನಾನು ಸೆರಗು ಹೊದ್ದುಕೊಳ್ಳಲಿ ಎಂದು. ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ತೀರಿಹೋಗಿದ್ದಳು, ಮತ್ತೆ ಮದುವೆ ಬೇಡ ಎಂದುಬಿಟ್ಟಿದ್ದರು. ನಾನು ಈ ಮನೆಗೆ ಬಂದು ಮೂವತ್ತು ವರ್ಷದಲ್ಲಿ ಅವರು ಕೆಮ್ಮದೆ ಒಳಗೆ ಬಂದದ್ದನ್ನು ಕಾಣೆ.

ಅವರ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಬೆಳೆ ಕಾಯಲು ಸರ್ಕಾರ ಕೊಟ್ಟ ಲೈಸೆನ್ಸು. ನಮ್ಮದು ಮಲ್ಲಿಪಟ್ಟಣದ ಕಡೆಯ ಊರು, ಆಲೂಗೆಡ್ಡೆ ಹಾಕುತ್ತೇವೆ. ಗೆಡ್ಡೆ ಕಟ್ಟುವ ಹೊತ್ತಿಗೆ ಕಾಡುಹಂದಿಗೆ ಅದು ಹೇಗೆ ಗೊತ್ತಾಗುತ್ತದೋ, ಹಿಂಡುಹಿಂಡಾಗಿ ಬಂದು ಉತ್ತುಹಾಕಿಬಿಡುತ್ತವೆ. ಆಗ ಭಾವ ಸಂಜೆಗೆ ಕೋವಿ ಹೆಗಲಿಗೇರಿಸಿ ಹೊಲದ ಅಟ್ಟಣೆಗೆ ಹೊರಡುವರು. ಹೋದವರು ಏನು ಮಾಡುತ್ತಿದ್ದರು? ಹಂದಿ ಕಂಡರೆ ಕೋವಿ ಎತ್ತುತ್ತಿರಲಿಲ್ಲ. ಎರಡು ಕೈಯನ್ನೂ ಬಾಯಿಗೆ ಹಿಡಿದು, "ಓಯ್! ನಾನಿವ್ನಿ ಕಣ್ಲಾ! ಓಗು!" ಎಂದು ಕೂಗುತ್ತಿದ್ದರು. ನಾನಿದ್ದೇನೆ, ಹೋಗು ಎಂದು ಮೂರು ಸಲ. ಮೂರಕ್ಕೂ ಹೋಗದಿದ್ದರೆ ಆಗ ಕೋವಿ. ಅಷ್ಟು ಹೊತ್ತು ಯಾವ ಹಂದಿ ನಿಂತಿರುತ್ತದೆ?

"ನಿನ್ನಣ್ಣ ಅಂದಿಗೆ ನೋಟೀಸ್ ಕೊಡ್ತಾನೆ ಕಣ್ಲಾ. ಕ್ವಾರ್ಟಿಗೆ ಬಾ ಅಂತವ" ಎಂದು ಊರಿನವರು ನಮ್ಮ ಯಜಮಾನರನ್ನು ಗೇಲಿ ಮಾಡುತ್ತಿದ್ದರು. ಭಾವನ ಕಿವಿಗೂ ಬೀಳುತ್ತಿತ್ತು. ಅವರದು ಒಂದೇ ಮಾತು: "ಮದ್ಲು ಬಾಯಿ, ಆಮ್ಯಾಕೆ ಕೈ."

ವರ್ಷಕ್ಕೊಮ್ಮೆ ಲೈಸೆನ್ಸು ಹೊಸದು ಮಾಡಿಸಲು ಅರಕಲಗೂಡಿನ ಕಚೇರಿಗೆ ಕೋವಿ ಒಯ್ದು ತೋರಿಸಬೇಕಿತ್ತು. ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಬಾಯಿ ನೆಲಕ್ಕೆ ಮಾಡಿ, ನಡೆದೇ ಹೋಗುವರು. ಒಂದು ವರ್ಷ ಅಲ್ಲಿನ ಗುಮಾಸ್ತರು ಕೇಳಿದರಂತೆ, "ಏನಯ್ಯ, ಈ ಸಲ ಎಷ್ಟು ಹಂದಿ ಹೊಡೆದೆ?"

"ಒಂದೂ ಇಲ್ಲ ಸಾ."

"ಮತ್ತೆ ಕೋವಿ ಯಾಕೆ?"

"ಕೂಗಾಕೆ ಧೈರ್ಯ ಬ್ಯಾಡ್ವಾ ಸಾ?"

ಗುಮಾಸ್ತರು ನಕ್ಕು ಕೂರಿಸಿಕೊಂಡು ಕಾನೂನು ಹೇಳಿಕೊಟ್ಟರಂತೆ. ಈ ಲೈಸೆನ್ಸು ಹಂದಿಗೆ, ಮನುಷ್ಯನಿಗಲ್ಲ. ಆದರೆ ಮನುಷ್ಯನೇ ಕೊಲ್ಲಲು ಮೇಲೆ ಬಿದ್ದರೆ, ಪೊಲೀಸರನ್ನು ಕರೆಯಲು ಹೊತ್ತಿಲ್ಲದಿದ್ದರೆ, ಆಗ ಕಾನೂನು ನಿನ್ನ ಕೈ ಹಿಡಿಯುವುದಿಲ್ಲ. ಅದೂ ಎಷ್ಟು ಬೇಕೋ ಅಷ್ಟೇ. ಅವನು ತಿರುಗಿ ಓಡಿದ ಮೇಲೆ ಹೊಡೆದೆಯೋ, ನೀನೇ ಕೊಲೆಗಾರ. ಭಾವ ಅದನ್ನು ತಮ್ಮ ಮಾತಿನಲ್ಲಿ ಮಾಡಿಕೊಂಡು ಬಂದರು. "ಎದೆ ಕಾಣಾಗಂಟ ಕಾನೂನು ನಮ್ ಕಡೆ. ಬೆನ್ನು ಕಂಡ್ಮೇಲೆ ಅವನ ಕಡೆ." ಉಣ್ಣುವಾಗ ಇದನ್ನು ನನ್ನ ಮಗನಿಗೆ ಹೇಳುವರು. ಆಯುಧಪೂಜೆಯಲ್ಲಿ ನೇಗಿಲು ಕುಡುಗೋಲಿನ ಜೊತೆ ಕೋವಿ ಇಟ್ಟಾಗಲೂ ಅದರ ಮೂತಿ ಗೋಡೆಗೆ ಮಾಡಿ ಇಡುವರು. "ದ್ಯಾವ್ರಿಗೂ ಗುರಿ ಇಡಬಾರ್ದು" ಎನ್ನುವರು.

ಇಷ್ಟೆಲ್ಲ ಬಾಯಿ ಮಾಡುತ್ತಿದ್ದ ಭಾವ ಒಂದೇ ಒಂದು ಸಲ ಬಾಯಿ ಮಾಡದೆ ಮೊದಲೇ ಕೈ ಮಾಡಿದರು. ಅದು ನಯಾಪೈಸೆ ಬಂದ ಹೊಸದು. ಮೇಲಿನ ಬೀದಿಯ ಒಬ್ಬನ ಎಮ್ಮೆ ಮೂರು ದಿನ ಬಿಡದೆ ನಮ್ಮ ಆಲೂಗೆಡ್ಡೆ ಹೊಲಕ್ಕೆ ನುಗ್ಗಿತ್ತು. ಅವನಿಗೆ ಒಂದು ಮಾತೂ ಹೇಳದೆ, ಭಾವ ಎಮ್ಮೆಯನ್ನು ಸೀದಾ ದೊಡ್ಡಿಗೆ ಹೊಡೆದುಬಿಟ್ಟರು. ಬೆಳೆಗೆ ಬಿದ್ದ ದನ ಕೂಡುವ ಸರ್ಕಾರಿ ದೊಡ್ಡಿ. ಎಮ್ಮೆ ಗಬ್ಬದಲ್ಲಿತ್ತು. ಆ ಇಕ್ಕಟ್ಟಿನಲ್ಲಿ ದನಗಳು ಗುಮ್ಮಿದವೋ ಏನೋ, ತಿಂಗಳು ತುಂಬದ ಕರು ಬಿದ್ದುಹೋಯಿತು.

ಎಮ್ಮೆಯವನು ಮುಂಗೋಪಿ. ವಿಧವೆ ತಾಯಿ, ಒಬ್ಬನೇ ಮಗ. ಎಮ್ಮೆ ಬಿಡಿಸಿಕೊಂಡು ಬಂದವನು ಅದನ್ನು ಕಟ್ಟಲೂ ಇಲ್ಲ. ಮಚ್ಚು ಹಿಡಿದು ನಮ್ಮ ಮನೆಗೆ ಬಂದ.

ದೀಪ ಹಚ್ಚುವ ಹೊತ್ತು. ನಮ್ಮ ಯಜಮಾನರೂ ಮಗನೂ ಹೊಳೆನರಸೀಪುರದ ಸಂತೆಗೆ ಹೋದವರು ಇನ್ನೂ ಬಂದಿರಲಿಲ್ಲ. ನಾನು ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಭಾವ ಅಟ್ಟಣೆಗೆ ಹೊರಡಲು ಕೋವಿಗೆ ಮದ್ದು ತುಂಬಿಕೊಂಡು ನಡುಮನೆಯಲ್ಲಿದ್ದರು. ಬೈಗುಳ ಕೇಳಿತು. ಆಮೇಲೆ ಭಾವನ ಕೂಗು ಕೇಳಿತು. "ಓಯ್! ನಾನಿವ್ನಿ ಕಣ್ಲಾ! ಓಗು!" ಎಮ್ಮೆ ಬಂದಿರಬೇಕು ಎಂದುಕೊಂಡು ರೊಟ್ಟಿ ಮಗುಚಿದೆ. ಮತ್ತೆ ಕೂಗಿದರು. ಮೂರನೆಯದಕ್ಕೆ ದನಿ ಒಡೆದಿತ್ತು. ಆಮೇಲೆ ಸದ್ದು. ಸೂರಿನ ಹೆಂಚಿನಿಂದ ಮಸಿ ಉದುರಿ ರೊಟ್ಟಿಯ ಮೇಲೆ ಬಿತ್ತು.

ಹೊರಗೆ ಬಂದು ನೋಡಿದರೆ ಅವನು ಹೊಸ್ತಿಲ ಒಳಗೆ ಬಿದ್ದಿದ್ದ. ಕೋವಿಯ ಸೀಸದ ಚರೆ ತೊಡೆಗೆ ಬಿದ್ದಿತ್ತು. ಮಚ್ಚು ಪಕ್ಕದಲ್ಲಿ. ಹೊಸ್ತಿಲ ಹೊರಗೆ ಅವನ ತಾಯಿ. ಮಗನನ್ನು ತಡೆಯಲು ಹಿಂದೆಯೇ ಓಡಿಬಂದಿದ್ದಳು. ಭಾವ ಕೋವಿಯನ್ನು ಗೋಡೆಗೆ ಒರಗಿಸಿ ತಮ್ಮ ಪಂಚೆ ಹರಿಯುತ್ತಿದ್ದರು. ಜನ ಸೇರಿದರು. ಬೇರೆ ಮನೆಯ ಜೀವ ನಮ್ಮ ಸೂರಿನಡಿ ಹೋಗಬಾರದು ಎಂದು ಯಾರೋ ಹೇಳಿದರು. ಎತ್ತಿ ಅಂಗಳಕ್ಕೆ ತಂದು ಮಲಗಿಸಿದರು. ತಾಯಿ ಕಾಲು ಹಿಡಿದುಕೊಂಡಿದ್ದಳು. ತೊಡೆಗೆ ಬಟ್ಟೆ ಕಟ್ಟಿದರು, ಗಾಡಿ ಹೂಡಿದರು. ಭಾವನೇ ಗಾಡಿಯಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಕಲಗೂಡಿಗೆ ಹೋದರು. ಕೋವಿಯನ್ನೂ ಒಯ್ದರು. ಕೆರೆ ಏರಿ ದಾಟುವುದರೊಳಗೆ ಅವನು ಹೋಗಿಬಿಟ್ಟಿದ್ದ. ಭಾವ ಸೀದಾ ಪೊಲೀಸು ಠಾಣೆಗೆ ಹೋಗಿ ಕೂತರು.

ಮನೆಯಲ್ಲಿ ನಾನೊಬ್ಬಳೇ. ಅಳು ಬರಲಿಲ್ಲ. ಭಯವೂ ಇರಲಿಲ್ಲ. ದೀಪ ಹಚ್ಚಬೇಕಲ್ಲ, ಹೊಸ್ತಿಲು ಹೀಗೆ ಇರಬಾರದಲ್ಲ ಎಂದಷ್ಟೇ ಇತ್ತು. ನೀರು ತಂದು ತೊಳೆದೆ. ಸಗಣಿ ಕಲಸಿ ಸಾರಿಸಿದೆ. ಹೊಸ್ತಿಲಿಗೆ ಅರಿಶಿನ ಬಳಿದು, ರಂಗೋಲಿ ಎಳೆದೆ. ಗೆರೆ ಒಂದೂ ಸೊಟ್ಟಗಾಗಲಿಲ್ಲ. ಮಚ್ಚನ್ನೂ ತೊಳೆದು, ಅವರ ವಸ್ತು ಅವರಲ್ಲಿರಲಿ ಎಂದು ಪಕ್ಕದ ಮನೆಯವರ ಕೈಲಿ ಅವನ ಮನೆಗೆ ಕಳಿಸಿಬಿಟ್ಟೆ. ಆಮೇಲೆ ದೀಪ ಹಚ್ಚಿದೆ.

ಬೆಳಿಗ್ಗೆ ಪೊಲೀಸರು ಬಂದರು. ಅಂಗಳದಲ್ಲಿ ರಕ್ತ ಇತ್ತು. ಒಳಗೆ ರಂಗೋಲಿ ಇತ್ತು. ಅವರು ಬರೆದುಕೊಂಡದ್ದೂ ಹಾಗೇ: ಅಂಗಳದಲ್ಲಿ ಬರಿಗೈಯಲ್ಲಿ ನಿಂತಿದ್ದವನನ್ನು ಒಳಗಿನಿಂದ ಹೊಡೆದು ಕೊಂದಿದ್ದಾನೆ.

ಚನ್ನರಾಯಪಟ್ಟಣದಿಂದ ನಮ್ಮ ಪರವಾಗಿ ಒಬ್ಬ ವಕೀಲರು ಬಂದರು. ಹೊಸ್ತಿಲನ್ನು ನೋಡಿದರು, ನನ್ನನ್ನು ನೋಡಿದರು, ಹಣೆ ಹಣೆ ಬಡಿದುಕೊಂಡರು. "ಅಮ್ಮ, ಅವನು ಮಚ್ಚು ಹಿಡಿದು ಒಳಗೆ ನುಗ್ಗಿದ್ದ ಅಂತ ತೋರಿಸಿದರೆ ಮಾತ್ರ ನಿಮ್ಮ ಭಾವ ಉಳೀತಾರೆ. ಒಳಗೆ ಅನ್ನೋದಕ್ಕಿದ್ದ ಗುರುತನ್ನ ತೊಳೆದಿರಿ. ಮಚ್ಚನ್ನೂ ತೊಳೆದು ಮನೆಗೆ ಕಳಿಸಿದಿರಿ. ನೀವು ಸಾರಿಸಿದ್ದು ನೆಲ ಅಲ್ಲ, ಅವರ ಕುತ್ತಿಗೆ."

ನೇಣೂ ಆಗಬಹುದು ಎಂದರು. ನಾನು ಹೂಂ ಎಂದೆ. ಕಾಫಿ ಕೊಟ್ಟೆ. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹಾಸನದ ಜೈಲಿಗೆ ಒಂದು ಸಲ ನೋಡಲು ಹೋಗಿದ್ದೆವು. ನಾನು ನಮ್ಮ ಯಜಮಾನರ ಬೆನ್ನಿಗೆ ನಿಂತಿದ್ದೆ. ಭಾವ ಕಂಬಿಯ ಆಚೆ ಬಂದವರು, ಅಲ್ಲೂ ಒಂದು ಸಲ ಕೆಮ್ಮಿದರು. ತಮ್ಮನನ್ನು ಬೈಯುತ್ತಿದ್ದರು. "ಆ ಯಮ್ಮನ್ಗೆ ಏನಾರಾ ಅಂದ್ಗಿಂದೀಯ, ಉಸಾರು. ವಸ್ಲು ಸಾರ್ಸೋದು ಎಣ್ಣುಮಕ್ಳ ಧರ್ಮ. ನಾನು ಮನೇಲಿದ್ದಿದ್ರೂ ಸಾರ್ಸವ್ವ ಅಂತಿದ್ದೆ."

ಕೋರ್ಟಿನಲ್ಲಿ ನನ್ನನ್ನು ಕಟಕಟೆಗೆ ಹತ್ತಿಸಿದರು. ಸರ್ಕಾರಿ ವಕೀಲರು ಕೇಳಿದರು, "ನೀನು ಹೊರಗೆ ಬಂದಾಗ ಕೋವಿ ಯಾರ ಹತ್ತಿರ ಇತ್ತು?"

"ಅಗೋ, ಅವರತ್ರ."

"ಹೆಸರು ಹೇಳಮ್ಮ."

"ಅದಾಗಕಿಲ್ಲ ಬುದ್ದಿ."

"ಕೋರ್ಟಿನಲ್ಲಿ ಹೇಳಲೇಬೇಕು."

"ಕ್ವಾರ್ಟು ಇವತ್ತು ಇರ್ತೈತೆ ಬುದ್ದಿ. ನಾನು ನಾಳೀಕೂ ಆ ಮನೇಲೇ ಇರ್ಬೇಕು."

ಜನ ನಕ್ಕರು. ಜಡ್ಜಿ ಸಾಹೇಬರು, ಕೈ ತೋರಿಸಿದಳು ಅಂತ ಬರೆದುಕೊಳ್ಳಿ, ಮುಂದೆ ಹೋಗಿ ಎಂದರು. ವಕೀಲರು ಎಲ್ಲಿ ಸಾರಿಸಿದೆ ಎಂದು ಕೇಳಿದರು. ಹೊಸ್ತಿಲ ಒಳಗೆ, ಎಡಗಡೆ, ಬಾಗಿಲ ಮೂಲೆಗೆ ಎರಡು ಗೇಣು ಈಚೆ ಎಂದೆ. "ಆರೋಪಿ ನಿನ್ನ ಗಂಡನ ಅಣ್ಣ. ಅವರನ್ನು ಉಳಿಸಲು ಹೇಳುತ್ತಿದ್ದೀಯ" ಎಂದರು.  ಉಳಿಸುವ ಆಸೆ ಇತ್ತಲ್ಲ, ಇಲ್ಲ ಎನ್ನುವುದು ಹೇಗೆ?

ನನ್ನ ನಂತರ ಸತ್ತವನ ತಾಯಿಯನ್ನು ಕರೆದರು. ಅವನನ್ನು ಎತ್ತಿ ಅಂಗಳಕ್ಕೆ ತಂದ ಊರಿನವರು ಕೋರ್ಟಿಗೆ ಹೆದರಿ ಯಾರೂ ಸಾಕ್ಷಿಗೆ ಬಂದಿರಲಿಲ್ಲ. ಅವಳ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ಅಂಗಳದಲ್ಲಿ ಎಂದರೆ ಭಾವನಿಗೆ ನೇಣು ಅಥವಾ ಜನ್ಮಜೈಲು. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆನೋ ಏನೋ.

"ನಿನ್ನ ಮಗನನ್ನು ಅಂಗಳದಲ್ಲಿ ಹೊಡೆದರಲ್ಲವೇನಜ್ಜಿ?"

"ಇಲ್ಲ ಸಾ. ಒಳೀಕೆ ನುಗ್ಗಿದ್ದ. ಮಚ್ಚು ಎತ್ಕಂಡಿದ್ದ, ಮಚ್ಚು ನಮ್ಮನೇದೇಯ. ಅವರು ಕೂಗಿದ್ರು. ನಾನಿವ್ನಿ ಕಣ್ಲಾ, ಓಗು ಅಂತವ. ಮೂರು ಸಾರಿ. ಅಂದಿಗೆ ಕೂಗ್ದಂಗೆ." ಅವಳು ಕಟಕಟೆಯ ಕಂಬಿ ಹಿಡಿದುಕೊಂಡಳು. "ಅಂದಿಯಾದ್ರೂ ಓಗ್ತಿತ್ತು ಸಾ. ನನ್ನ ಮಗ ಓಗ್ನಿಲ್ಲ."

"ಅಜ್ಜಿ, ಸತ್ತಿರೋದು ನಿನ್ನ ಮಗ."

"ಎತ್ತೋಳಿಗೆ ಗೊತ್ತಿಲ್ವಾ ಸಾ?" ಎಂದು ಕಟಕಟೆ ಇಳಿದುಬಿಟ್ಟಳು.

ಕೊನೆಗೆ ಜಡ್ಜಿ ಸಾಹೇಬರು ಭಾವನನ್ನೇ ಕೇಳಿದರು. "ಮನೆಗೆ ಹಿತ್ತಲ ಬಾಗಿಲು ಇದೆಯಲ್ಲ. ಅಲ್ಲಿಂದ ತಪ್ಪಿಸಿಕೊಳ್ಳಬಹುದಿತ್ತಲ್ಲ?"

"ಇತ್ಲ ಬಾಗ್ಲಿಗೆ ಅಡ್ಗೆಮನೆ ದಾಟಿ ಓಗ್ಬೇಕು ಸಾ. ಅಲ್ಲಿ ಆಯಮ್ಮ ರೊಟ್ಟಿ ತಟ್ತಿತ್ತು. ನಾನು ಓಡಿದ್ರೆ ನನ್ನಿಂದೆ ಅವನೂ ಬರ್ತಿದ್ದ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಅಲ್ಲಿಯವರೆಗೂ ಇದು ನನಗೆ ಹೊಳೆದೇ ಇರಲಿಲ್ಲ.  

ಬಿಟ್ಟರು. ಪ್ರಾಣ ಉಳಿಸಿಕೊಳ್ಳಲು, ಬೇರೆ ದಾರಿ ಇಲ್ಲದೆ, ಮೂರು ಸಲ ಎಚ್ಚರಿಸಿ, ಕಾಲಿಗೆ ಹೊಡೆದದ್ದು, ಇದು ಅಪರಾಧವಲ್ಲ ಎಂದು ಜಡ್ಜಿ ಸಾಹೇಬರು ಓದಿದರು. ಭಾವ ಮನೆಗೆ ಬಂದು ಹೊರಗೆ ನಿಂತು ಕೆಮ್ಮಿ, ತಲೆ ತಗ್ಗಿಸಿ ಒಳಗೆ ಬಂದರು. ಉಣ್ಣಲು ಕರೆದರೆ ತಮ್ಮ ಮಾಮೂಲು ಮಣೆಗೆ ಹೋಗಲಿಲ್ಲ. ಹೊಸ್ತಿಲ ಒಳಗೆ, ಎಡಗಡೆ, ಮೂಲೆಗೆ ಎರಡು ಗೇಣು ಈಚೆ ಕೂತರು. ನೆಲದ ಮೇಲೇ. ನಾನು ತಟ್ಟೆಯನ್ನು ಅಲ್ಲಿಗೇ ತಂದಿಟ್ಟೆ.  ಅವತ್ತಿನಿಂದ ಹನ್ನೊಂದು ವರ್ಷ ಎರಡು ಹೊತ್ತೂ ಅಲ್ಲೇ ಊಟ. ಯಾರೂ ಆ ಜಾಗ ತುಳಿದು ಹೋಗದಂತೆ.

ಕೋವಿಯನ್ನು ಅರಕಲಗೂಡಿಗೆ ಒಯ್ದು ಲೈಸೆನ್ಸಿನ ಸಮೇತ ಒಪ್ಪಿಸಿ ಬಂದರು. ಹೊಲದಲ್ಲಿ ಕೂಗುವುದನ್ನೂ ಬಿಟ್ಟರು. ಹಂದಿ ಬಂದರೆ ತಗಡು ಬಡಿಯುವರು. ಕೋರ್ಟು ಬಿಟ್ಟಿತಲ್ಲ ಭಾವ ಎಂದು ಬಾಗಿಲ ಮರೆಯಿಂದ ಒಂದು ಸಲ ಹೇಳಿದೆ. ಆಗ ಅಂದರು: "ಕ್ವಾರ್ಟು ಕೋವೀದು ಕೇಳ್ತು ಕಣವ್ವ. ಎಮ್ಮೇದು ಕೇಳ್ನಿಲ್ಲ. ಎಮ್ಮೆ ವಿಸ್ಯದಾಗೆ ನಾನು ಮದ್ಲು ಕೈ ಮಾಡ್ದೆ."

ಪ್ರತಿ ವರ್ಷ ಆಲೂಗೆಡ್ಡೆ ಅಗೆದ ಮೊದಲ ದಿನ ಒಂದು ಮಂಕರಿ ತುಂಬಿಕೊಂಡು ಆ ತಾಯಿಯ ಜಗಲಿಯ ಮೇಲಿಟ್ಟು, ಕೆಮ್ಮಿ, ಬರುವರು. ಅವಳು ಹೊರಗೆ ಬರುತ್ತಿರಲಿಲ್ಲ. ಮಾರನೆಯ ದಿನ ಖಾಲಿ ಮಂಕರಿ ಯಾರ ಕೈಲಾದರೂ ಬರುತ್ತಿತ್ತು. ತೊಳೆದಿರುತ್ತಿತ್ತು. ಅಷ್ಟೇ. ಈ ಸಲ ಮಂಕರಿ ಬರಲೇ ಇಲ್ಲ. ಭಾವ ಎರಡು ದಿನ ಬಾಗಿಲು ನೋಡಿದರು, ಸುಮ್ಮನಾದರು. ದೀಪಾವಳಿಗೆ ಮುಂಚೆ ಜ್ವರ ಬಂತು, ತೀರಿಕೊಂಡರು.

ಮೊಮ್ಮಗಳು ಮಾತಾಡದೆ ಹೋದಾಗ ನಾವೆಲ್ಲ ಅವಳ ಮುಂದೆ ಕೂತು ಅವ್ವ ಅನ್ನು, ಅಪ್ಪ ಅನ್ನು ಎಂದು ಪೀಡಿಸುತ್ತಿದ್ದೆವು. ಭಾವ ಪೀಡಿಸುತ್ತಿರಲಿಲ್ಲ. ಊಟವಾದ ಮೇಲೆ ಅದೇ ಜಾಗದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದರು. ಮಗು ಅವರ ಬಾಯಿಯನ್ನೇ ನೋಡುತ್ತಿತ್ತು. ಕಥೆ ಹೇಳುತ್ತಾರೆ ಎಂದುಕೊಂಡಿದ್ದೆ. ಕಥೆಯಲ್ಲ ಎಂದು ಗೊತ್ತಾದದ್ದು ಇವತ್ತು ಬೆಳಿಗ್ಗೆ. ಹೊಲದಲ್ಲಿ ಬಿಟ್ಟ ಕೂಗನ್ನು ಇವಳ ಕಿವಿಯಲ್ಲಿ ಇಟ್ಟು ಹೋಗಿದ್ದಾರೆ.

ಮಧ್ಯಾಹ್ನ ಆ ತಾಯಿ ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಬೇಲಿಯ ಹತ್ತಿರ ನಿಂತು ಕೇಳಿದಳು, "ಬೆಳಿಗ್ಗೆ ಯಾರವ್ವ ಕೂಗಿದ್ದು? ಮ್ಯಾಲಿನ ಬೀದಿಗಂಟ ಕೇಳ್ತು."

ನಾನು ಮಗುವನ್ನು ತೋರಿಸಿದೆ. ನೋಡಿದಳು. ಹತ್ತಿರ ಕರೆದು ಗಲ್ಲ ಮುಟ್ಟಿ ನೆಟಿಕೆ ಮುರಿದಳು. "ಇನ್ನಾ ಜೋರಾಗಿ ಕೂಗು ಮಗ. ಎಲ್ಲಾರ್ಗೂ ಕೇಳ್ಬೇಕು" ಎಂದಳು. ಒಳಗೆ ಬಾ ಎಂದೆ. ಹೊಸ್ತಿಲನ್ನು ನೋಡಿ ಬರಲಿಲ್ಲ. ಕಂಕುಳಲ್ಲಿದ್ದ ಮಂಕರಿಯನ್ನು ಜಗಲಿಯ ಮೇಲಿಟ್ಟು ಹೋದಳು. ನಮ್ಮದೇ ಮಂಕರಿ. ಅದರ ತುಂಬ ಅವರೆಕಾಯಿ.

ಸಂಜೆ ಎಲ್ಲರೂ ಕೂತು ಅದನ್ನೇ ಸುಲಿದೆವು. ಅವರೆಕಾಳಿನ ಸಾರು, ಮುದ್ದೆ, ಮೇಲೆ ಶಾವಿಗೆ ಪಾಯಸ. ನಮ್ಮ ಯಜಮಾನರು, ಮಗ, ಸೊಸೆ, ಬಸ್ಸಿನವನ ಬಾಯಲ್ಲಿ ಸುದ್ದಿ ಕೇಳಿ ಹಾಸನದಿಂದ ಬಂದ ಸೊಸೆಯ ತಾಯಿ ತಂದೆ, ಎಲ್ಲರೂ ಸಾಲಾಗಿ ಕೂತರು. ಎರಡು ತಿಂಗಳಿಂದ ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಮಗು ತನ್ನ ಪುಟ್ಟ ತಟ್ಟೆ ಎತ್ತಿಕೊಂಡು ಹೋಗಿ ಸೀದಾ ಅಲ್ಲಿ ಕೂತಿತು. ಸೊಸೆ ನನ್ನ ಮುಖ ನೋಡಿದಳು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಮುದ್ದೆ ಮುರಿದು ಅವಳ ತಟ್ಟೆಗೆ ಹಾಕಿದೆ.

ಪಾಯಸವನ್ನು ಆ ಕಡೆಯಿಂದ ಬಡಿಸುತ್ತಾ ಬಂದೆ. ಬೀಗರಿಗೆ ಎರಡನೇ ಸಲ ಬಡಿಸುವ ಗಡಿಬಿಡಿಯಲ್ಲಿ ಹೊಸ್ತಿಲ ಕಡೆಯ ತಟ್ಟೆ ತಪ್ಪಿಹೋಯಿತು. ಮಗು ಎರಡೂ ಕೈಯನ್ನು ಬಾಯಿಗೆ ಹಿಡಿಯಿತು.

"ಓಯ್! ನಾನಿವ್ನಿ ಕಣ್ಲಾ!"

ಎಲ್ಲರೂ ನಕ್ಕರು. ಅಜ್ಜಿಗೇ ಕಣ್ಲಾ ಅಂತಾಳೆ ಎಂದು ನಮ್ಮ ಯಜಮಾನರಿಗೆ ನೆತ್ತಿ ಹತ್ತಿತು. ನನ್ನ ಕೈ ನಡುಗಿ ಸೌಟಿನ ಪಾಯಸ ಅರ್ಧ ನೆಲಕ್ಕೆ ಚೆಲ್ಲಿತು, ಆ ಜಾಗದಲ್ಲೇ. ಒರೆಸಲು ಹೋಗಲಿಲ್ಲ. ಉಳಿದರ್ಧ ಮಗುವಿನ ತಟ್ಟೆಗೆ ಹಾಕಿ, ನನ್ನ ತಟ್ಟೆಯನ್ನೂ ತಂದುಕೊಂಡು ಅವಳ ಪಕ್ಕ ಕೂತೆ. ಎಲ್ಲರೂ ಉಂಡೆವು.